ನಾವು ಇರುವುದೇ ಸಾಕ್ಷಿಯಾದಾಗ: ಆಂತ್ರೋಪಿಕ್ ತರ್ಕ, ಗುರಿ ಮತ್ತು ಸಂಭವನೀಯತೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಬರುವ ಗಣಿತ ಪ್ರೌಢಶಾಲೆಯ ಮಟ್ಟವನ್ನು ದಾಟುವುದಿಲ್ಲ. ಕೂಡುವುದು, ಗುಣಿಸುವುದು, ವರ್ಗ ಮಾಡುವುದು ಬಂದರೆ ಸಾಕು. ಆದರೂ ಈ ಪ್ರಶ್ನೆಗಳ ಮೇಲೆ ಭೌತವಿಜ್ಞಾನಿಗಳೂ ತತ್ವಶಾಸ್ತ್ರಜ್ಞರೂ ಐವತ್ತು ವರ್ಷಗಳಿಂದ ಜಟಾಪಟಿ ನಡೆಸಿದ್ದಾರೆ. ಮೊದಲ ಸಲ ಬಂದವರು ಕ್ರಮವಾಗಿ ಓದಿದರೆ ಒಳ್ಳೆಯದು, ಏಕೆಂದರೆ ನಡುವಿನ ಲೆಕ್ಕವೊಂದು ಬಿಟ್ಟುಹೋದರೆ ಮುಂದಿನದ್ದು ಬರೀ ಮಾತಾಗಿ ಕಾಣುತ್ತದೆ.

ಆಂತ್ರೋಪಿಕ್ ತರ್ಕ ಎಂದರೇನು?

ಒಂದು ಸಂಗತಿಯನ್ನು ನೋಡಬೇಕಾದರೆ ನೋಡುವವರು ಬದುಕಿರಬೇಕು, ಅಲ್ಲಿರಬೇಕು, ಎಚ್ಚರವಾಗಿರಬೇಕು. ಹಾಗಾಗಿ ನಮ್ಮ ಕೈಗೆ ಸಿಗುವ ಪುರಾವೆ ಮೊದಲೇ ಸೋಸಿ ಬಂದಿರುತ್ತದೆ. ಆ ಸೋಸುವಿಕೆಯನ್ನು ಲೆಕ್ಕಕ್ಕೆ ಹಿಡಿದು ಯೋಚಿಸುವುದೇ ಆಂತ್ರೋಪಿಕ್ ತರ್ಕ. ಭೂಮಿಯಲ್ಲಿ ನೀರು ದ್ರವರೂಪದಲ್ಲಿ ಇರುವುದನ್ನು ಕಂಡು ಗ್ರಹಗಳೆಲ್ಲ ಸಾಮಾನ್ಯವಾಗಿ ಹೀಗೇ ಇರುತ್ತವೆ ಎಂದು ಹೇಳುವಂತಿಲ್ಲ. ನೀರಿಲ್ಲದ ಗ್ರಹದಲ್ಲಿ ಈ ಮಾತನ್ನು ಆಡುವವರೇ ಇರುತ್ತಿರಲಿಲ್ಲ.

ಇಷ್ಟರ ಮಟ್ಟಿಗೆ ಯಾರದ್ದೂ ತಕರಾರಿಲ್ಲ. "ಸರಿ, ಹಾಗಾದರೆ ಸಂಭವನೀಯತೆ ಎಷ್ಟು?" ಎಂದು ಯಾರಾದರೂ ಸಂಖ್ಯೆ ಕೇಳಿದ ಕೂಡಲೇ ತಕರಾರು ಶುರುವಾಗುತ್ತದೆ.

ಈ ವಿಚಾರ ಎಲ್ಲಿಂದ ಬಂತು?

1937ರಲ್ಲಿ ಭೌತವಿಜ್ಞಾನಿ ಪಾಲ್ ಡಿರಾಕ್ ಒಂದು ವಿಚಿತ್ರವನ್ನು ಗಮನಿಸಿದರು. ಪ್ರೋಟಾನ್ ಮತ್ತು ಎಲೆಕ್ಟ್ರಾನ್ ನಡುವಿನ ವಿದ್ಯುತ್ ಸೆಳೆತ ಅವುಗಳ ಗುರುತ್ವ ಸೆಳೆತಕ್ಕಿಂತ ಎಷ್ಟು ಪಟ್ಟು ಹೆಚ್ಚು ಎಂದು ಕೇಳಿದರೆ, 1ರ ಮುಂದೆ ಸುಮಾರು 39 ಸೊನ್ನೆ ಬರೆಯಬೇಕು. ವಿಶ್ವದ ವಯಸ್ಸನ್ನು ಪರಮಾಣುವಿನ ಕಾಲಮಾನದಲ್ಲಿ ಅಳೆದರೂ ಹೆಚ್ಚುಕಡಿಮೆ ಅದೇ ಗಾತ್ರದ ಸಂಖ್ಯೆ ಬರುತ್ತದೆ. ಇದು ಆಕಸ್ಮಿಕವಾಗಿರಲಾರದು ಎಂದುಕೊಂಡ ಡಿರಾಕ್, ಕಾಲ ಸರಿದಂತೆ ಗುರುತ್ವವೇ ಕ್ಷೀಣಿಸುತ್ತಿರಬೇಕು ಎಂಬ ತೀರ್ಮಾನಕ್ಕೆ ಬಂದರು.

1961ರಲ್ಲಿ ರಾಬರ್ಟ್ ಡಿಕಿ ಇದಕ್ಕೆ ಸರಳ ಉತ್ತರ ಕೊಟ್ಟರು. ವಿಶ್ವದ ವಯಸ್ಸನ್ನು ಅಳೆಯುವವರು ಇರಬೇಕಾದರೆ ಕಾರ್ಬನ್ ಬೇಕು. ಕಾರ್ಬನ್ ನಕ್ಷತ್ರಗಳ ಒಡಲಲ್ಲಿ ಬೇಯಬೇಕು, ಆ ನಕ್ಷತ್ರಗಳು ಸತ್ತು ಅದನ್ನು ಹೊರಚೆಲ್ಲಬೇಕು. ಆದ್ದರಿಂದ ವಿಶ್ವ ತೀರಾ ಎಳೆಯದಾಗಿರುವಂತಿಲ್ಲ. ನಕ್ಷತ್ರಗಳೆಲ್ಲ ಉರಿದು ತಣ್ಣಗಾದ ಮುದಿ ವಿಶ್ವದಲ್ಲೂ ಅಳೆಯುವವರಿಗೆ ಜಾಗವಿಲ್ಲ. ಅಳೆಯಲು ಯಾರಾದರೂ ಇರುವ ಕಾಲದಲ್ಲಿ ಅಳೆದರೆ ಆ ಸಂಖ್ಯೆ ಬರಲೇಬೇಕು. ಗುರುತ್ವವನ್ನು ಅದರ ಪಾಡಿಗೆ ಬಿಟ್ಟುಬಿಡಬಹುದು.

1973ರಲ್ಲಿ ಕೋಪರ್ನಿಕಸ್ ಹುಟ್ಟಿ 500 ವರ್ಷ ತುಂಬಿದ ನೆನಪಿಗೆ ಪೋಲೆಂಡಿನ ಕ್ರಾಕೋವ್‌ನಲ್ಲಿ ವಿಚಾರಗೋಷ್ಠಿ ನಡೆಯಿತು. ಭೌತವಿಜ್ಞಾನಿ ಬ್ರಾಂಡನ್ ಕಾರ್ಟರ್ ಈ ಬಗೆಯ ಯೋಚನೆಗೆ "ಆಂತ್ರೋಪಿಕ್" ಎಂದು ಹೆಸರಿಟ್ಟದ್ದು ಅಲ್ಲಿ. ನಾವು ವಿಶ್ವದ ನಡುವೆ ಇಲ್ಲ ನಿಜ, ಆದರೆ ನಮ್ಮ ಸ್ಥಾನಕ್ಕೆ ಅಷ್ಟಿಷ್ಟಾದರೂ ವಿಶೇಷತೆ ಇದ್ದೇ ಇರುತ್ತದೆ ಎಂಬುದು ಅವರ ಮಾತಿನ ಸಾರ. ಕೋಪರ್ನಿಕಸ್‌ನ ಹುಟ್ಟುಹಬ್ಬದಲ್ಲಿ ಇದನ್ನು ಹೇಳಲು ಧೈರ್ಯ ಬೇಕು.

ಅಂದರೆ "ನಾವಿರಲೆಂದೇ ವಿಶ್ವ ಹೀಗಿದೆ" ಎನ್ನುವ ವಾದವೇ ಇದು?

ಅಲ್ಲ. ಆ ಅರ್ಥದಲ್ಲಿ ಇದನ್ನು ಬಳಸಿದವರು ಬಹಳ ಮಂದಿ ಇದ್ದಾರೆ, ಅದರ ಹೊಣೆ ಅವರದ್ದೇ.

ಹಾಗೆಂದು "ನಾವಿಲ್ಲದಿದ್ದರೆ ಕೇಳುವವರೇ ಇರುತ್ತಿರಲಿಲ್ಲ" ಎಂದು ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ತತ್ವಶಾಸ್ತ್ರಜ್ಞ ಜಾನ್ ಲೆಸ್ಲಿ ಒಂದು ಪ್ರಸಂಗ ಕಟ್ಟಿದ್ದಾರೆ. ಮರಣದಂಡನೆಗೆ ಗುರಿಯಾದವನ ಮೇಲೆ ಐವತ್ತು ನುರಿತ ಬಂದೂಕುಧಾರಿಗಳು ಗುಂಡು ಹಾರಿಸುತ್ತಾರೆ, ಐವತ್ತೂ ಗುರಿ ತಪ್ಪುತ್ತವೆ. "ತಪ್ಪದಿದ್ದರೆ ಆಶ್ಚರ್ಯಪಡಲು ನಾನೇ ಇರುತ್ತಿರಲಿಲ್ಲ" ಎಂದು ಅವನು ಸುಮ್ಮನಾಗಬೇಕೇ? ಯಾರೋ ಒಳಸಂಚು ಮಾಡಿದ್ದಾರೆ ಎಂದು ಅನುಮಾನಪಡುವ ಹಕ್ಕು ಅವನಿಗೆ ಇದೆ. ಇಂಥ ದಂಡನೆಗಳು ಕೋಟ್ಯಂತರ ಕಡೆ ನಡೆದು, ಬದುಕುಳಿದವರು ಮಾತ್ರ ಮಾತಾಡುತ್ತಿದ್ದಾರೆ ಎಂದು ಗೊತ್ತಿದ್ದರೆ ಆಗ ಸೋಸುವಿಕೆಯ ವಿವರಣೆ ಸಾಕಾಗುತ್ತದೆ. ಒಂದೇ ಸಲ ನಡೆದದ್ದಾದರೆ ಸಾಕಾಗುವುದಿಲ್ಲ.

ಭೌತವಿಜ್ಞಾನದ ಹೊರಗೆ ಇದಕ್ಕೆ ಉದಾಹರಣೆ ಇದೆಯೇ?

ಎಲ್ಲರೂ ಹೇಳುವುದು ಅಬ್ರಹಾಂ ವಾಲ್ಡ್ ಅವರ ಯುದ್ಧವಿಮಾನಗಳ ಕಥೆ. ವಾಲ್ಡ್ 1938ರಲ್ಲಿ ವಿಯೆನ್ನಾದಿಂದ ಅಮೆರಿಕಕ್ಕೆ ಪಾರಾಗಿ ಬಂದ ಯೆಹೂದಿ ಗಣಿತಜ್ಞ. ಎರಡನೇ ಮಹಾಯುದ್ಧದ ಹೊತ್ತಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ತಂಡದಲ್ಲಿದ್ದರು. ಬಾಂಬರ್ ವಿಮಾನಗಳು ಗುಂಡಿನ ತೂತುಗಳನ್ನು ಹೊತ್ತು ಮರಳುತ್ತಿದ್ದವು. ತೂತು ಹೆಚ್ಚಿರುವ ಕಡೆ ಕವಚ ಹಾಕಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಲೆಕ್ಕಕ್ಕೆ ಸಿಕ್ಕಿರುವುದು ಮರಳಿದ ವಿಮಾನಗಳು ಮಾತ್ರ. ಎಂಜಿನ್ನಿಗೆ ಪೆಟ್ಟು ತಿಂದವು ಸಮುದ್ರದ ತಳದಲ್ಲಿವೆ. ಈ ಕಥೆಯನ್ನು ಹೇಳುವವರು ಸೇನಾಧಿಕಾರಿಗಳು ಬಾಯಿ ಕಳೆದುಕೊಂಡು ನಿಂತರು ಎಂದೆಲ್ಲ ಬಣ್ಣ ಕಟ್ಟುತ್ತಾರೆ. ವಾಲ್ಡ್ ಅವರ 1943ರ ಟಿಪ್ಪಣಿಗಳಲ್ಲಿ ಇರುವುದು ಬರೀ ಲೆಕ್ಕ: ಮರಳಿದ ವಿಮಾನಗಳ ತೂತುಗಳಿಂದ ಮರಳದ ವಿಮಾನಗಳ ಗತಿಯನ್ನು ಅಂದಾಜಿಸುವ ಶುಷ್ಕ, ಸೊಗಸಾದ ಲೆಕ್ಕ.

ಈ ಪುಟಕ್ಕೆ ವಾಲ್ಡ್ ಎರಡು ರೀತಿಯಲ್ಲಿ ಬೇಕಾದವರು, ಎರಡನೆಯದನ್ನು ಹೇಳುವವರು ಕಡಿಮೆ. ಸಂಖ್ಯಾಶಾಸ್ತ್ರವನ್ನು ನಿರ್ಧಾರದ ಶಾಸ್ತ್ರವಾಗಿ ಕಟ್ಟಿದವರು ಅವರೇ. "ಅಂದಾಜು ಎಷ್ಟು?" ಎಂದು ಕೇಳುವ ಮೊದಲು "ತಪ್ಪಿದರೆ ನಷ್ಟವೆಷ್ಟು?" ಎಂಬುದನ್ನು ಬರೆದುಕೊಳ್ಳಬೇಕು ಎನ್ನುವುದು ಅವರ ಚೌಕಟ್ಟು. ನಷ್ಟವನ್ನು ತಪ್ಪಿನ ವರ್ಗದಿಂದ ಅಳೆದರೆ ಉತ್ತಮ ಅಂದಾಜು ಸರಾಸರಿ. ಬರೀ ತಪ್ಪಿನ ಗಾತ್ರದಿಂದ ಅಳೆದರೆ ಮಧ್ಯಾಂಕ. ದತ್ತಾಂಶ ಒಂದೇ, ಗುರಿ ಬೇರೆ, ಉತ್ತರ ಬೇರೆ.

ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸ ಪ್ರವಾಸಕ್ಕೆ ಬಂದಿದ್ದ ವಾಲ್ಡ್ 1950ರ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ನೀಲಗಿರಿಯಲ್ಲಿ ನಡೆದ ವಿಮಾನ ಅಪಘಾತದಲ್ಲಿ ಪತ್ನಿಯೊಂದಿಗೆ ತೀರಿಕೊಂಡರು.

ನೋಡುವವರು ಬದಲಾದರೆ ಸರಾಸರಿಯೂ ಬದಲಾಗುತ್ತದೆಯೇ?

ಆಗುತ್ತದೆ. ಒಂದು ಕಾಲೇಜಿನಲ್ಲಿ ಎರಡೇ ತರಗತಿಗಳಿವೆ ಎಂದುಕೊಳ್ಳಿ. ಒಂದರಲ್ಲಿ 10 ವಿದ್ಯಾರ್ಥಿಗಳು, ಇನ್ನೊಂದರಲ್ಲಿ 90. ಪ್ರಾಂಶುಪಾಲರು "ನಮ್ಮಲ್ಲಿ ತರಗತಿಯ ಸರಾಸರಿ ಗಾತ್ರ 50" ಎಂದು ಪ್ರಕಟಣೆ ಹಾಕುತ್ತಾರೆ. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೇಳಿದರೆ 90 ಮಂದಿ "90" ಎನ್ನುತ್ತಾರೆ, 10 ಮಂದಿ "10" ಎನ್ನುತ್ತಾರೆ. ಸರಾಸರಿ 82. ಯಾರೂ ಸುಳ್ಳು ಹೇಳಿಲ್ಲ. ಬೆಂಚುಗಳಿಗೆ ಕಿಕ್ಕಿರಿದು ಕುಳಿತವರ ಅನುಭವ ತಿಳಿಯಬೇಕಾದರೆ 82, ಅಧ್ಯಾಪಕರಿಗೆ ಸಂಬಳ ಹಂಚಬೇಕಾದರೆ 50.

ಇಲ್ಲಿ ಯಾರೂ ಜಗಳವಾಡುವುದಿಲ್ಲ. ಎರಡು ಪ್ರಶ್ನೆಗಳಿವೆ ಎಂಬುದು ಕಣ್ಣಿಗೆ ಕಾಣುತ್ತದೆ. ಮುಂದಿನ ಸಮಸ್ಯೆಯಲ್ಲಿ ಅದು ಕಾಣುವುದಿಲ್ಲ.

ಮಲಗಿದ ಸುಂದರಿಯ ಸಮಸ್ಯೆ ಏನು?

ಭಾನುವಾರ ರಾತ್ರಿ ಒಬ್ಬ ಹುಡುಗಿಯನ್ನು ಮಲಗಿಸುತ್ತಾರೆ. ನಿಯಮವನ್ನೆಲ್ಲ ಮೊದಲೇ ತಿಳಿಸಿರುತ್ತಾರೆ. ಅವಳು ಮಲಗಿದ ಮೇಲೆ ದೋಷವಿಲ್ಲದ ನಾಣ್ಯವೊಂದನ್ನು ಚಿಮ್ಮಿಸುತ್ತಾರೆ. ಹೆಡ್ ಬಿದ್ದರೆ ಸೋಮವಾರ ಮಾತ್ರ ಎಬ್ಬಿಸುತ್ತಾರೆ. ಟೇಲ್ ಬಿದ್ದರೆ ಸೋಮವಾರ ಎಬ್ಬಿಸಿ, ಆ ಎಚ್ಚರದ ನೆನಪು ಅಳಿಸಿಹೋಗುವಂತೆ ಔಷಧ ಕೊಟ್ಟು ಮಲಗಿಸಿ, ಮಂಗಳವಾರ ಮತ್ತೆ ಎಬ್ಬಿಸುತ್ತಾರೆ. ಎದ್ದಾಗ ಅವಳಿಗೆ ಇಂದು ಯಾವ ವಾರ ಎಂಬುದು ತಿಳಿಯದು. "ಹೆಡ್ ಬಿದ್ದಿರುವ ಸಂಭವನೀಯತೆ ಎಷ್ಟು?" ಎಂದು ಕೇಳುತ್ತಾರೆ.

2000ದಲ್ಲಿ ತತ್ವಶಾಸ್ತ್ರಜ್ಞ ಆಡಂ ಎಲ್ಗಾ ಬರೆದ ನಾಲ್ಕಾರು ಪುಟಗಳ ಲೇಖನದಿಂದ ಇದು ಮನೆಮಾತಾಯಿತು. ಮೂರರಲ್ಲೊಂದು ಎಂಬುದು ಎಲ್ಗಾ ಉತ್ತರ. ಮರುವರ್ಷವೇ ಡೇವಿಡ್ ಲೂಯಿಸ್ ಅರ್ಧ ಎಂದು ಪ್ರತಿಯುತ್ತರ ಬರೆದರು. ಅಂದಿನಿಂದ ಈ ಎರಡು ಪಂಗಡಗಳಿವೆ.

ಎರಡೂ ಕಡೆಯವರ ವಾದವೇನು?

ಅರ್ಧ ಎನ್ನುವವರು: ನಾಣ್ಯದಲ್ಲಿ ದೋಷವಿಲ್ಲ. ಮಲಗುವಾಗ ಅವಳಿಗೆ ಅರ್ಧ ಎಂದು ಗೊತ್ತಿತ್ತು. ತನ್ನನ್ನು ಎಬ್ಬಿಸುತ್ತಾರೆ ಎಂಬುದೂ ಗೊತ್ತಿತ್ತು. ಎದ್ದ ಮೇಲೆ ಹೊಸದೇನೂ ತಿಳಿದಿಲ್ಲ, ಹಾಗಿದ್ದಮೇಲೆ ಸಂಖ್ಯೆ ಬದಲಾಗುವುದೇಕೆ?

ಮೂರರಲ್ಲೊಂದು ಎನ್ನುವವರು: ಈ ಪ್ರಯೋಗವನ್ನು ಸಾವಿರ ಸಲ ಮಾಡಿ. ಸುಮಾರು 500 ಸಲ ಹೆಡ್, ಒಟ್ಟು 500 ಎಚ್ಚರ. 500 ಸಲ ಟೇಲ್, ಒಟ್ಟು 1000 ಎಚ್ಚರ. 1500 ಎಚ್ಚರಗಳಲ್ಲಿ ಹೆಡ್‌ಗೆ ಸೇರಿದವು 500. ಮೂರರಲ್ಲೊಂದು.

ಎರಡು ವಾದಗಳಲ್ಲೂ ಲೆಕ್ಕದ ತಪ್ಪಿಲ್ಲ ಎಂಬುದನ್ನು ಗಮನಿಸಿ.

ಇದರಲ್ಲಿ ಗುರಿಯ ಮಾತು ಎಲ್ಲಿ ಬಂತು?

ಸಂಭವನೀಯತೆ ಹೇಳುವವರಿಗೆ ಅಂಕ ಕೊಡುವ ಒಂದು ವಿಧಾನವಿದೆ. ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರಯರ್ 1950ರಲ್ಲಿ ಮಳೆಯ ಮುನ್ಸೂಚನೆಯನ್ನು ತೂಗಲು ಇದನ್ನು ರೂಪಿಸಿದರು. ಹೇಳಿದ ಸಂಖ್ಯೆಗೂ ನಡೆದದ್ದಕ್ಕೂ (ನಡೆದರೆ 1, ಇಲ್ಲದಿದ್ದರೆ 0) ಇರುವ ಅಂತರದ ವರ್ಗವೇ ದಂಡ. ಮನಸ್ಸಿನಲ್ಲಿ ಇರುವ ಸಂಖ್ಯೆಯನ್ನೇ ಪ್ರಾಮಾಣಿಕವಾಗಿ ಹೇಳಿದರೆ ದಂಡ ಅತಿ ಕಡಿಮೆ ಬೀಳುವುದು ಇದರ ಚೆಲುವು. ಉತ್ಪ್ರೇಕ್ಷಿಸಿದರೂ ನಷ್ಟ, ಅಡ್ಡಗೋಡೆಯ ಮೇಲೆ ದೀಪ ಇಟ್ಟರೂ ನಷ್ಟ.

ಸುಂದರಿಗೂ ಹೀಗೇ ಅಂಕ ಕೊಡೋಣ. ಎದ್ದಾಗಲೆಲ್ಲ ಅವಳು ಹೆಡ್‌ನ ಸಂಭವನೀಯತೆಯನ್ನು ಹೇಳುತ್ತಾಳೆ. ನೆನಪಿಲ್ಲದ ಕಾರಣ ಪ್ರತಿ ಸಲವೂ ಅದೇ ಸಂಖ್ಯೆಯನ್ನು ಹೇಳುತ್ತಾಳೆ.

ಮೊದಲು, ಪ್ರತಿ ಎಚ್ಚರಕ್ಕೂ ದಂಡ ವಿಧಿಸಿ ಎಲ್ಲವನ್ನೂ ಕೂಡೋಣ. ಅವಳು 1/2 ಎಂದರೆ, ಹೆಡ್ ಬಿದ್ದಾಗ ದಂಡ 0.25. ಟೇಲ್ ಬಿದ್ದಾಗ 0.25 ಎರಡು ಸಲ, ಅಂದರೆ 0.50. ನಾಣ್ಯ ಸಮವಾಗಿರುವುದರಿಂದ ಎರಡರ ಸರಾಸರಿ 0.375. ಅವಳು 1/3 ಎಂದರೆ, ಹೆಡ್‌ಗೆ ದಂಡ 2/3ರ ವರ್ಗ, ಸುಮಾರು 0.444. ಟೇಲ್‌ಗೆ 1/3ರ ವರ್ಗ ಎರಡು ಸಲ, ಸುಮಾರು 0.222. ಸರಾಸರಿ 0.333. ಇನ್ನೂ ಕೆಳಗಿಳಿದು 1/4 ಎಂದರೆ ದಂಡ ಮತ್ತೆ 0.344ಕ್ಕೆ ಏರುತ್ತದೆ. ಈ ನಿಯಮದಲ್ಲಿ 1/3ಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಈಗ ನಿಯಮ ಬದಲಿಸೋಣ. ಒಂದು ಪ್ರಯೋಗಕ್ಕೆ ಒಂದೇ ದಂಡ. ಎರಡು ಸಲ ಎದ್ದಿದ್ದರೆ ಎರಡರ ಸರಾಸರಿ. 1/2 ಎಂದರೆ ಹೆಡ್‌ಗೂ 0.25, ಟೇಲ್‌ಗೂ 0.25, ಸರಾಸರಿ 0.25. 1/3 ಎಂದರೆ ಹೆಡ್‌ಗೆ 0.444, ಟೇಲ್‌ಗೆ 0.111, ಸರಾಸರಿ 0.278. ಈ ಸಲ 1/2 ಗೆಲ್ಲುತ್ತದೆ.

ನಾಣ್ಯ ಅದೇ, ಹುಡುಗಿ ಅದೇ, ಅವಳಿಗೆ ಗೊತ್ತಿರುವುದೂ ಅದೇ. ದಂಡವನ್ನು ಕೂಡುತ್ತೇವೆಯೋ ಸರಾಸರಿ ತೆಗೆಯುತ್ತೇವೆಯೋ ಎಂಬುದೊಂದೇ ಬದಲಾದದ್ದು, ಅಷ್ಟಕ್ಕೇ ಉತ್ತಮ ಉತ್ತರ ಬದಲಾಯಿತು. ಮಾಮೂಲಿ ಮಳೆಯ ಮುನ್ಸೂಚನೆಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ಏಕೆಂದರೆ ಮಳೆ ಬಂದರೂ ಬಾರದಿದ್ದರೂ ಮುನ್ಸೂಚಕರು ಒಂದೇ ಸಲ ಹೇಳುತ್ತಾರೆ. ಊಹಿಸುವವರ ಸಂಖ್ಯೆಯೇ ಊಹೆಯ ವಿಷಯವನ್ನು ಅವಲಂಬಿಸಿದಾಗ ಮಾತ್ರ ಈ ಬಿರುಕು ಕಾಣುತ್ತದೆ. ಆಂತ್ರೋಪಿಕ್ ಸಮಸ್ಯೆಗಳೆಲ್ಲ ಈ ಜಾತಿಯವು.

ಗುರಿಗೆ ತಕ್ಕಂತೆ ಸಂಭವನೀಯತೆ ಬದಲಾಗುವುದೆಂದರೆ, ಬೇಕಾದ್ದನ್ನು ನಂಬುವುದು ಎಂದಾಯಿತಲ್ಲವೇ?

ಈ ಆಕ್ಷೇಪ ಎಲ್ಲರಿಗೂ ಬರುತ್ತದೆ, ಬರಲೂಬೇಕು.

ಬಯಕೆ ಬೇರೆ, ಗುರಿ ಬೇರೆ. ಹೆಡ್ ಬೀಳಲಿ ಎಂದು ಸುಂದರಿ ಎಷ್ಟೇ ಹರಕೆ ಹೊತ್ತರೂ ಮೇಲಿನ ಲೆಕ್ಕದಲ್ಲಿ ಒಂದು ಅಂಕಿಯೂ ಅಲುಗುವುದಿಲ್ಲ. ಯಾವ ತಪ್ಪನ್ನು ಎಷ್ಟು ಸಲ ಎಣಿಸಬೇಕು ಎಂಬ ನಿಯಮವನ್ನು ಇಲ್ಲಿ ಗುರಿ ಎನ್ನುತ್ತಿದ್ದೇವೆ. ಆ ನಿಯಮವನ್ನು ಉತ್ತರ ನೋಡುವ ಮೊದಲೇ ಬರೆದಿಡಬಹುದು, ಇನ್ನೊಬ್ಬರಿಗೆ ತೋರಿಸಬಹುದು. ಬಯಕೆಯನ್ನು ಹಾಗೆ ಬರೆದಿಟ್ಟರೆ ಅದು ನಗೆಪಾಟಲಾಗುತ್ತದೆ.

ಎರಡರ ನಡುವೆ ಜಾರುವವರೂ ಇದ್ದಾರೆ. ಮಳೆಯ ಸಂಭವವನ್ನು ಬೇಕೆಂದೇ ತುಸು ಹೆಚ್ಚಿಸಿ ಹೇಳುವ ಚಾಳಿ ಅಮೆರಿಕದ ಖಾಸಗಿ ಮುನ್ಸೂಚಕರಲ್ಲಿ ಕಂಡುಬಂದಿದೆ. ಬರುತ್ತದೆಂದ ಮಳೆ ಬಾರದಿದ್ದರೆ ಜನ ಖುಷಿಪಡುತ್ತಾರೆ, ಬರುವುದಿಲ್ಲವೆಂದ ಮಳೆ ಬಂದರೆ ಬೈಯುತ್ತಾರೆ. ಮುನ್ಸೂಚಕರ ಗುರಿ ಬೈಗುಳ ತಪ್ಪಿಸಿಕೊಳ್ಳುವುದು, ಕೇಳುವವರು ಅದನ್ನು ಮಳೆಯ ಲೆಕ್ಕವೆಂದು ನಂಬುತ್ತಾರೆ. ಗುರಿಯನ್ನು ಬಚ್ಚಿಟ್ಟು ಸಂಖ್ಯೆಯನ್ನು ಮಾತ್ರ ಹೊರಗಿಟ್ಟರೆ ಅದು ಮೋಸ. ಗುರಿಯನ್ನೂ ಜೊತೆಗೆ ಬರೆದಿಟ್ಟರೆ ಕೇಳುವವರು ತಮ್ಮ ಲೆಕ್ಕ ತಾವು ಮಾಡಿಕೊಳ್ಳಬಹುದು.

ಪಣ ಕಟ್ಟಿಸಿದರೆ ಯಾರು ಸರಿ ಎಂಬುದು ತಿಳಿಯುವುದಿಲ್ಲವೇ?

ತಿಳಿಯುವುದಿಲ್ಲ. 1926ರಲ್ಲಿ ಬ್ರಿಟನ್ನಿನ ಗಣಿತಜ್ಞ ಫ್ರಾಂಕ್ ರ‍್ಯಾಮ್ಸೆ, ಅವರ ನಂತರ ಇಟಲಿಯ ಬ್ರೂನೊ ಡಿ ಫಿನೆಟ್ಟಿ, ಒಬ್ಬರ ಸಂಭವನೀಯತೆಯನ್ನು ಅವರು ಒಪ್ಪುವ ಪಣದಿಂದ ಅಳೆಯಬಹುದು ಎಂದು ತೋರಿಸಿದರು. ಆದರೆ ಪಣದಲ್ಲಿ ಹೊರಗೆ ಕಾಣುವುದು ಎರಡು ಸಂಗತಿಗಳ ಗುಣಲಬ್ಧ: ಒಂದು ನಂಬಿಕೆ, ಇನ್ನೊಂದು ಆ ಫಲಿತಾಂಶಕ್ಕೆ ಕೊಡುವ ತೂಕ. ಸಂಭವನೀಯತೆಯನ್ನು ಅರ್ಧ ಮಾಡಿ ತೂಕವನ್ನು ಎರಡು ಪಟ್ಟು ಮಾಡಿದರೆ ನಡವಳಿಕೆಯಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ.

ಎದ್ದಾಗಲೆಲ್ಲ ಸುಂದರಿಗೆ ಒಂದು ಚೀಟಿ ಮಾರುತ್ತಾರೆ ಎನ್ನಿ. ಟೇಲ್ ಬಿದ್ದಿದ್ದರೆ ಚೀಟಿಗೆ 100 ರೂಪಾಯಿ. ಎಷ್ಟು ಕೊಟ್ಟು ಕೊಳ್ಳಬಹುದು? ಮೂರರಲ್ಲೊಂದು ಎನ್ನುವವಳು ಟೇಲ್‌ಗೆ 2/3 ಎಂದು ಹಿಡಿದು 66 ರೂಪಾಯಿಯವರೆಗೆ ಕೊಡುತ್ತಾಳೆ. ಅರ್ಧ ಎನ್ನುವವಳು ಬುದ್ಧಿವಂತೆಯಾಗಿದ್ದರೆ ಹೀಗೆ ಯೋಚಿಸುತ್ತಾಳೆ: "ಹೆಡ್ ಆದರೆ ಒಂದು ಚೀಟಿಯ ಹಣ ಹೋಗುತ್ತದೆ. ಟೇಲ್ ಆದರೆ ಎರಡು ಚೀಟಿ ಕೊಂಡಿರುತ್ತೇನೆ, ಲಾಭವೂ ಎರಡು ಪಟ್ಟು." ಅವಳೂ 66 ರೂಪಾಯಿಯವರೆಗೆ ಕೊಡುತ್ತಾಳೆ. ಅಂಗಡಿಯವನಿಗೆ ಇಬ್ಬರಲ್ಲಿ ಯಾರು ಯಾವ ಪಂಗಡದವರು ಎಂದು ಹೇಳಲಾಗದು.

ಇದನ್ನು ಸಿದ್ಧಾಂತವಾಗಿ ಕಟ್ಟಿದವರು ಯಾರು?

ಸ್ಟುವರ್ಟ್ ಆರ್ಮ್‌ಸ್ಟ್ರಾಂಗ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ 2011ರಲ್ಲಿ ಅವರು ಆಂತ್ರೋಪಿಕ್ ನಿರ್ಧಾರ ಸಿದ್ಧಾಂತವನ್ನು ಮುಂದಿಟ್ಟರು. ಎದ್ದವರ ಸಂಭವನೀಯತೆ ಎಷ್ಟು ಎಂಬ ಪ್ರಶ್ನೆಯನ್ನು ಅದು ಬದಿಗಿಡುತ್ತದೆ. "ನನ್ನಂಥ ಎಲ್ಲ ಪ್ರತಿಗಳೂ ನನ್ನಂತೆಯೇ ನಿರ್ಧರಿಸುತ್ತವೆ ಎಂದಾದರೆ ಏನು ಮಾಡಬೇಕು?" ಎಂದು ಮಾತ್ರ ಕೇಳುತ್ತದೆ.

ಹೆಡ್ ಬಿದ್ದರೆ ಒಬ್ಬರನ್ನು, ಟೇಲ್ ಬಿದ್ದರೆ ಒಂದೇ ತೆರನಾದ ಇಬ್ಬರನ್ನು ಸೃಷ್ಟಿಸುವ ಯಂತ್ರವಿದೆ ಎಂದುಕೊಳ್ಳಿ. ಅದೇ 100 ರೂಪಾಯಿಯ ಚೀಟಿ. ಎಲ್ಲರ ಸುಖದ ಮೊತ್ತ ಹೆಚ್ಚಲಿ ಎಂಬುದು ಗುರಿಯಾದರೆ ಟೇಲ್‌ನ ಲಾಭ ಎರಡು ಸಲ ಎಣಿಕೆಗೆ ಬರುತ್ತದೆ, 66 ರೂಪಾಯಿಯವರೆಗೆ ಕೊಳ್ಳಬೇಕು. ತಲಾವಾರು ಸುಖ ಹೆಚ್ಚಲಿ ಎಂಬುದು ಗುರಿಯಾದರೆ ಇಬ್ಬರ ಲಾಭವನ್ನು ಇಬ್ಬರಿಗೆ ಭಾಗಿಸಬೇಕು, 50ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮೊದಲನೆಯವರು ಮೂರರಲ್ಲೊಂದು ಎಂಬುದನ್ನು ನಂಬಿದವರಂತೆ ನಡೆಯುತ್ತಾರೆ, ಎರಡನೆಯವರು ಅರ್ಧ ಎಂದು ನಂಬಿದವರಂತೆ. ನಾಣ್ಯದ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ನನಗೆ ನನ್ನ ಲಾಭ ಮಾತ್ರ ಮುಖ್ಯ. ಆಗ?

ಈ ಚರ್ಚೆಯಲ್ಲಿ ಅತಿ ಗೋಜಲಿನ ಗಿರಾಕಿ ಸ್ವಾರ್ಥಿಯೇ. ಒಂದೇ ತೆರನಾದ ಇಬ್ಬರಿರುವಾಗ "ನಾನು" ಯಾರು, ಹುಟ್ಟದೇ ಹೋಗಬಹುದಾಗಿದ್ದ ಲೋಕದ ನಷ್ಟ ತನ್ನದೋ ಅಲ್ಲವೋ ಎಂಬುದನ್ನು ಅವನು ಮೊದಲು ಹೇಳಬೇಕು. ಅದನ್ನು ಹೇಳಿದ ಮೇಲೆ ಲೆಕ್ಕ ಸಲೀಸು. ಹೇಳದೆ ಲೆಕ್ಕ ಮಾಡಲು ಬರುವುದಿಲ್ಲ.

"ಪ್ರಳಯವಾದ" ಎಂದು ಕೇಳಿದ್ದೇನೆ. ಅದೇನು?

ಇದುವರೆಗೆ ಭೂಮಿಯಲ್ಲಿ ಹುಟ್ಟಿದ ಮನುಷ್ಯರ ಸಂಖ್ಯೆ ಸುಮಾರು 11,700 ಕೋಟಿ ಎಂದು ಜನಸಂಖ್ಯಾತಜ್ಞರ ಅಂದಾಜು. ನಿಮ್ಮ ಸರದಿ ಸಂಖ್ಯೆಯೂ ಅದರ ಆಸುಪಾಸಿನಲ್ಲಿದೆ. ಈಗ ಎರಡು ಸಾಧ್ಯತೆಗಳನ್ನು ಹೋಲಿಸಿ: ಮನುಕುಲದ ಒಟ್ಟು ಹುಟ್ಟು 20,000 ಕೋಟಿಗೆ ಮುಗಿಯುತ್ತದೆ, ಅಥವಾ ಅದರ ಸಾವಿರ ಪಟ್ಟು ಆಗುತ್ತದೆ. ಹುಟ್ಟುವ ಎಲ್ಲರ ನಡುವಿನಿಂದ ಚೀಟಿ ಎತ್ತಿದಂತೆ ನೀವು ಬಂದಿದ್ದೀರಿ ಎಂದು ಭಾವಿಸಿದರೆ, ಇಷ್ಟು ಮುಂಚಿನ ಸರದಿ ಸಿಗುವ ಸಂಭವ ಚಿಕ್ಕ ಮನುಕುಲದಲ್ಲಿ ಸಾವಿರ ಪಟ್ಟು ಹೆಚ್ಚು. ಆದ್ದರಿಂದ ಪ್ರಳಯ ಹತ್ತಿರವಿದೆ! ಕಾರ್ಟರ್ ಹುಟ್ಟುಹಾಕಿದ ಈ ವಾದವನ್ನು ಲೆಸ್ಲಿ ಬೆಳೆಸಿದರು.

ಖಗೋಳವಿಜ್ಞಾನಿ ರಿಚರ್ಡ್ ಗಾಟ್ ಇದಕ್ಕೆ ಸ್ವತಂತ್ರವಾಗಿ ಬಂದವರು. 1969ರಲ್ಲಿ ಬರ್ಲಿನ್ ಗೋಡೆಯನ್ನು ನೋಡಿದಾಗ ಅದಕ್ಕೆ ಎಂಟು ವರ್ಷ. ತಾನು ಬಂದದ್ದು ಗೋಡೆಯ ಆಯುಷ್ಯದ ನಡುವಿನ ಅರ್ಧಭಾಗದಲ್ಲಿ ಎನ್ನುವ ಸಂಭವ 50 ಪ್ರತಿಶತ, ಹಾಗಾದರೆ ಉಳಿದಿರುವ ಆಯುಷ್ಯ ಎರಡೂ ಮುಕ್ಕಾಲು ವರ್ಷಕ್ಕೆ ತುಸು ಕಡಿಮೆಯಿಂದ 24 ವರ್ಷದೊಳಗೆ ಎಂದು ಅವರು ಲೆಕ್ಕ ಹಾಕಿದರು. ಗೋಡೆ 1989ರಲ್ಲಿ ಬಿತ್ತು. 1993ರಲ್ಲಿ ಅದೇ ವಿಧಾನವನ್ನು ಮನುಕುಲಕ್ಕೆ ಹಚ್ಚಿ, ನಮಗೆ ಇನ್ನು 5,100 ವರ್ಷದಿಂದ 78 ಲಕ್ಷ ವರ್ಷದವರೆಗೆ ಆಯುಷ್ಯವಿದೆ ಎಂದು 95 ಪ್ರತಿಶತ ಭರವಸೆಯೊಂದಿಗೆ ಪ್ರಕಟಿಸಿದರು. ಇಷ್ಟು ಅಗಲದ ಬಲೆ ಬೀಸಿದರೆ ಮೀನು ಸಿಗದಿರುವುದು ಕಷ್ಟ.

ಹೀಗೆ ಚೀಟಿ ಎತ್ತಿದಂತೆ ಎಂದು ಭಾವಿಸುವ ನಿಯಮಕ್ಕೆ ಎಸ್‌ಎಸ್‌ಎ (ಸೆಲ್ಫ್ ಸ್ಯಾಂಪ್ಲಿಂಗ್ ಅಸಂಪ್ಷನ್) ಎಂಬ ಹೆಸರಿದೆ. ಅದರ ಎದುರಾಳಿ ಎಸ್‌ಐಎ (ಸೆಲ್ಫ್ ಇಂಡಿಕೇಶನ್ ಅಸಂಪ್ಷನ್). ಜನ ಹೆಚ್ಚಿರುವ ಲೋಕದಲ್ಲಿ ನಾನು ಹುಟ್ಟುವ ಸಂಭವವೂ ಹೆಚ್ಚು ಎನ್ನುವ ಈ ನಿಯಮವನ್ನು ಸೇರಿಸಿದರೆ ದೊಡ್ಡ ಮನುಕುಲದ ತೂಕ ಸಾವಿರ ಪಟ್ಟು ಏರುತ್ತದೆ, ಪ್ರಳಯವಾದ ಸರಿಯಾಗಿ ಸೊನ್ನೆಯಾಗುತ್ತದೆ. ಆರ್ಮ್‌ಸ್ಟ್ರಾಂಗ್ ಕಣ್ಣಿನಿಂದ ನೋಡಿದರೆ, ತಲಾವಾರು ಹಿತ ನೋಡುವವರು ಪ್ರಳಯ ಹತ್ತಿರವಿದೆ ಎಂಬಂತೆ ನಡೆಯುತ್ತಾರೆ, ಒಟ್ಟು ಹಿತ ನೋಡುವವರು ಅದನ್ನು ಲೆಕ್ಕಿಸದೆ ನಡೆಯುತ್ತಾರೆ. ದೀರ್ಘ ಭವಿಷ್ಯದಲ್ಲಿ ಪಣಕ್ಕಿರುವವರೇ ಸಾವಿರ ಪಟ್ಟು ಹೆಚ್ಚು ಎಂಬುದು ಎರಡನೆಯವರಿಗೆ ಮುಖ್ಯ. ಪ್ರಳಯ ಯಾವಾಗ ಎಂಬುದರ ಬಗ್ಗೆ ಇಬ್ಬರಲ್ಲಿ ಯಾರಿಗೂ ಗುಟ್ಟು ತಿಳಿದಿಲ್ಲ.

ಹಾಗಾದರೆ ಎಸ್‌ಐಎ ಒಪ್ಪಿಬಿಟ್ಟರೆ ಆಯಿತಲ್ಲ?

ಒಪ್ಪಿದವರ ಕಾಲಿಗೆ ತತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಮ್ ಒಂದು ತೊಡಕು ಕಟ್ಟಿದ್ದಾರೆ. ಎರಡು ವಿಶ್ವಸಿದ್ಧಾಂತಗಳಿವೆ, ಒಂದರ ಪ್ರಕಾರ ವಿಶ್ವದಲ್ಲಿ ನೋಡುಗರು ಇನ್ನೊಂದಕ್ಕಿಂತ ಲಕ್ಷ ಕೋಟಿ ಪಟ್ಟು ಹೆಚ್ಚು. ಯಾವುದು ಸರಿ ಎಂದು ತಿಳಿಯಲು ಭೌತವಿಜ್ಞಾನಿಗಳು ಪ್ರಯೋಗಕ್ಕೆ ಸಿದ್ಧವಾಗುತ್ತಾರೆ. ಅಷ್ಟರಲ್ಲಿ ತತ್ವಶಾಸ್ತ್ರಜ್ಞನೊಬ್ಬ ಬಂದು, "ಖರ್ಚೇಕೆ? ಜನ ಹೆಚ್ಚಿರುವ ಸಿದ್ಧಾಂತ ಲಕ್ಷ ಕೋಟಿ ಪಟ್ಟು ಸಂಭಾವ್ಯ" ಎನ್ನುತ್ತಾನೆ. ಕುರ್ಚಿಯಲ್ಲಿ ಕುಳಿತವನಿಗೆ ಇಷ್ಟು ಖಚಿತವಾಗಿ ವಿಶ್ವದ ಸುದ್ದಿ ತಿಳಿಯುವುದಾದರೆ ನಿಯಮದಲ್ಲೇ ಏನೋ ಎಡವಟ್ಟಿದೆ. ಅವನು ತನ್ನ ಆದ್ಯತೆಯನ್ನು ಜ್ಞಾನವೆಂದು ಮಾರುತ್ತಿದ್ದಾನೆ ಎಂಬುದು ನನ್ನ ಅಭಿಪ್ರಾಯ. "ಜನ ಹೆಚ್ಚಿರುವ ಲೋಕದಲ್ಲಿ ಸರಿಯಾಗುವುದು ನನಗೆ ಹೆಚ್ಚು ಮುಖ್ಯ" ಎಂದಿದ್ದರೆ ಯಾರೂ ನಗುತ್ತಿರಲಿಲ್ಲ.

ಅಂದರೆ ಇದೆಲ್ಲ ಬರೀ ಆದ್ಯತೆಯ ಮಾತೇ? ವಿಜ್ಞಾನಕ್ಕೆ ಉಪಯೋಗವಿಲ್ಲವೇ?

ಇದೆ. 1987ರಲ್ಲಿ ಸ್ಟೀವನ್ ವೈನ್‌ಬರ್ಗ್ ಶೂನ್ಯಾವಕಾಶದ ಶಕ್ತಿಯನ್ನು ಸೂಚಿಸುವ ವಿಶ್ವಸ್ಥಿರಾಂಕ ಎಷ್ಟು ದೊಡ್ಡದಿರಬಹುದು ಎಂದು ಕೇಳಿದರು. ತೀರಾ ದೊಡ್ಡದಾದರೆ ವಿಶ್ವ ಬೇಗ ಚೆದುರಿ, ಗೆಲಾಕ್ಸಿಗಳು ಒಟ್ಟುಗೂಡುವುದೇ ಇಲ್ಲ, ಅಳೆಯುವವರೂ ಇರುವುದಿಲ್ಲ. ಆ ಮಿತಿಯನ್ನು ಅವರು ಲೆಕ್ಕ ಹಾಕಿದರು. ಸ್ಥಿರಾಂಕ ಸೊನ್ನೆ ಎಂದು ಬಹುಪಾಲು ಭೌತವಿಜ್ಞಾನಿಗಳು ನಂಬಿದ್ದ ಕಾಲವದು. 1998ರಲ್ಲಿ ದೂರದ ಸೂಪರ್‌ನೋವಾಗಳನ್ನು ಅಳೆದ ಎರಡು ತಂಡಗಳು ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು ಕಂಡುಕೊಂಡವು. ಸ್ಥಿರಾಂಕ ಸೊನ್ನೆಯಾಗಿರಲಿಲ್ಲ, ವೈನ್‌ಬರ್ಗ್ ಮಿತಿಯೊಳಗೇ ಇತ್ತು. ಅಳತೆ ಮಾಡಿದವರಿಗೆ 2011ರಲ್ಲಿ ನೊಬೆಲ್ ಬಂತು. ಇಲ್ಲಿ ನೋಡುಗರನ್ನು ಕೂಡುವುದೋ ಸರಾಸರಿ ತೆಗೆಯುವುದೋ ಎಂಬ ಪ್ರಶ್ನೆ ಮಿತಿಯನ್ನು ಕದಲಿಸುವುದಿಲ್ಲ. ನೋಡುಗರು ಸೊನ್ನೆ ಇರುವ ಲೋಕವನ್ನು ಯಾವ ನಿಯಮದಲ್ಲಿ ಎಣಿಸಿದರೂ ಸೊನ್ನೆಯೇ.

ಇದರ ಜೊತೆಗೆ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ 1953ರಲ್ಲಿ ಕಾರ್ಬನ್ ಬೀಜಕೇಂದ್ರದ 7.65 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಮಟ್ಟವನ್ನು ಮೊದಲೇ ಊಹಿಸಿದ್ದನ್ನೂ ಆಂತ್ರೋಪಿಕ್ ತರ್ಕದ ಗೆಲುವುಗಳ ಪಟ್ಟಿಗೆ ಸೇರಿಸುವ ರೂಢಿಯಿದೆ. ಅದನ್ನು ಸೇರಿಸಬಾರದು. ಹಾಯ್ಲ್ ಆಗ ನೋಡಿದ್ದು ನಕ್ಷತ್ರಗಳಲ್ಲಿ ಇಷ್ಟೊಂದು ಕಾರ್ಬನ್ ಹೇಗೆ ತಯಾರಾಯಿತು ಎಂಬುದನ್ನು. ಜೀವದ ಮಾತು ಆ ಊಹೆಗೆ ಬೇಕಿರಲಿಲ್ಲ, ಅದನ್ನು ಅಂಟಿಸಿದ್ದು ಆಮೇಲೆ.

"ಇದುವರೆಗೆ ಅಣುಯುದ್ಧ ಆಗಿಲ್ಲ, ಹಾಗಾಗಿ ಮುಂದೆಯೂ ಆಗಲಿಕ್ಕಿಲ್ಲ" ಎನ್ನುವುದು ಸರಿಯೇ?

ಎಲ್ಲರನ್ನೂ ಅಳಿಸುವ ಅನಾಹುತ ನಡೆದಿದ್ದರೆ ಈ ಮಾತಾಡಲು ಯಾರೂ ಇರುತ್ತಿರಲಿಲ್ಲ. ಆದ್ದರಿಂದ ಉಳಿದಿರುವವರ ಇತಿಹಾಸ ಯಾವಾಗಲೂ ಸುರಕ್ಷಿತವಾಗಿಯೇ ಕಾಣುತ್ತದೆ. 2010ರಲ್ಲಿ ಮಿಲಾನ್ ಚಿರ್ಕೋವಿಚ್, ಆಂಡರ್ಸ್ ಸ್ಯಾಂಡ್‌ಬರ್ಗ್ ಮತ್ತು ಬೋಸ್ಟ್ರಮ್ ಇದನ್ನು ಆಂತ್ರೋಪಿಕ್ ನೆರಳು ಎಂದು ಕರೆದರು. ಅಣುಯುದ್ಧದ ವಿಷಯಕ್ಕೆ ಅದನ್ನು ಅಳತೆ ಮೀರಿ ಎಳೆಯಬಾರದು. ಅಂಥ ಯುದ್ಧದಲ್ಲಿ ಎಲ್ಲರೂ ಸಾಯುತ್ತಾರೆ ಎಂದೇನಿಲ್ಲ. ಕೂದಲೆಳೆಯಲ್ಲಿ ತಪ್ಪಿದ ಪ್ರಸಂಗಗಳನ್ನು ಎಣಿಸುವುದು ಹೆಚ್ಚು ಪ್ರಯೋಜನಕಾರಿ. 1962ರ ಅಕ್ಟೋಬರ್ 27ರಂದು ಕ್ಯೂಬಾ ಬಳಿ ಸೋವಿಯತ್ ಜಲಾಂತರ್ಗಾಮಿಯಲ್ಲಿ ಅಣ್ವಸ್ತ್ರದ ಟಾರ್ಪಿಡೊ ಬಳಕೆಯ ಮಾತು ಬಂದಾಗ ವಾಸಿಲಿ ಅರ್ಖಿಪೋವ್ ತಡೆದರು. 1983ರ ಸೆಪ್ಟೆಂಬರ್ 26ರಂದು ಕ್ಷಿಪಣಿ ಬರುತ್ತಿದೆ ಎಂದು ಉಪಗ್ರಹ ವ್ಯವಸ್ಥೆ ಕೂಗಿದಾಗ ಸ್ಟಾನಿಸ್ಲಾವ್ ಪೆಟ್ರೋವ್ ಅದನ್ನು ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದರು. ಇಂಥ ಪ್ರಸಂಗಗಳು ಸೋಸಿ ಹೋಗದೆ ದಾಖಲೆಯಲ್ಲಿ ಉಳಿಯುತ್ತವೆ. ಕ್ಷುದ್ರಗ್ರಹಗಳ ವಿಷಯದಲ್ಲಿ ಚಂದ್ರನ ಕುಳಿಗಳು ಈ ಕೆಲಸ ಮಾಡುತ್ತವೆ: ಚಂದ್ರನಿಗೆ ಬಿದ್ದ ಪೆಟ್ಟಿನಿಂದ ಇಲ್ಲಿ ಯಾರೂ ಸತ್ತಿಲ್ಲ, ಆದ್ದರಿಂದ ಅಲ್ಲಿನ ಎಣಿಕೆಯಲ್ಲಿ ಪಕ್ಷಪಾತವಿಲ್ಲ.

ಎಲ್ಲರೂ ಆರ್ಮ್‌ಸ್ಟ್ರಾಂಗ್ ಪರಿಹಾರವನ್ನು ಒಪ್ಪಿದ್ದಾರೆಯೇ?

ಇಲ್ಲ. "ನಿರ್ಧಾರ ಏನೇ ಇರಲಿ, ಈ ಕ್ಷಣ ನಾನು ಏನನ್ನು ನಂಬಬೇಕು?" ಎಂದು ಪಟ್ಟು ಹಿಡಿಯುವವರಿದ್ದಾರೆ. ಅವರ ಪ್ರಶ್ನೆಯನ್ನು ಅರ್ಥವಿಲ್ಲದ್ದು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಆ ನಂಬಿಕೆ ಸರಿಯೋ ತಪ್ಪೋ ಎಂದು ತೂಗುವ ತಕ್ಕಡಿಯನ್ನು ಅವರು ಇದುವರೆಗೆ ತೋರಿಸಿಲ್ಲ. ತೋರಿಸಲು ಹೊರಟಾಗಲೆಲ್ಲ ಕೂಡುವುದೋ ಸರಾಸರಿಯೋ ಎಂಬ ಪ್ರಶ್ನೆ ಹಿಂಬಾಗಿಲಿನಿಂದ ಒಳಬರುತ್ತದೆ.

ನನ್ನ ಗೆಳೆಯ ಅರ್ಧ ಎನ್ನುತ್ತಾನೆ, ನಾನು ಮೂರರಲ್ಲೊಂದು ಎನ್ನುತ್ತೇನೆ. ಜಗಳ ಬಿಡಿಸುವುದು ಹೇಗೆ?

ಒಂದು ನಾಣ್ಯ, ಒಂದು ಹಾಳೆ ತೆಗೆದುಕೊಳ್ಳಿ. ಹೆಡ್ ಬಿದ್ದರೆ ಒಂದು ಸಾಲು, ಟೇಲ್ ಬಿದ್ದರೆ ಎರಡು ಸಾಲು ಬರೆಯುತ್ತ ಐವತ್ತು ಸಲ ಚಿಮ್ಮಿಸಿ. ಆಮೇಲೆ ಗೆಳೆಯನಿಗೆ ಸಾಲುಗಳನ್ನು ಎಣಿಸಲು ಹೇಳಿ, ನೀವು ಚಿಮ್ಮಿಸಿದ ಸಲಗಳನ್ನು ಎಣಿಸಿ. ಅವನು ಹೆಡ್ ಸಾಲುಗಳು ಸುಮಾರು ಮೂರರಲ್ಲೊಂದು ಪಾಲು ಎನ್ನುತ್ತಾನೆ, ನೀವು ಅರ್ಧ ಎನ್ನುತ್ತೀರಿ. ಇಷ್ಟರಲ್ಲಿ ಇಬ್ಬರೂ ಪಕ್ಷ ಬದಲಿಸಿರುತ್ತೀರಿ. ಇನ್ನೂ ಜಗಳ ಉಳಿದಿದ್ದರೆ ಕಾಫಿಯ ಬಿಲ್ಲನ್ನು ಪಣಕ್ಕಿಡಿ. ಪಣ ಸಾಲಿಗೊಂದೋ, ಚಿಮ್ಮಿಸಿದ್ದಕ್ಕೊಂದೋ ಎಂಬುದನ್ನು ಮಾತ್ರ ನಾಣ್ಯ ಕೈಗೆತ್ತಿಕೊಳ್ಳುವ ಮೊದಲೇ ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕಿ.